ಪರದೆ ಕಪ್ಪಾದ ಸಂಜೆ

(ಸಂಘದ ಉಚಿತ ವಾಚನಾಲಯದಲ್ಲಿ, ತಿಂಗಳ ಭಾನುವಾರದ ಕೂಟದಲ್ಲಿ ವಾಚನಾಲಯದ ಉಸ್ತುವಾರಿ ಸಮಿತಿಯ ಪರವಾಗಿ ಮಾಡಿದ ಭಾಷಣ)



ಈ ಸ್ಥಳದಲ್ಲಿ ನಿಂತು ಮಾತನಾಡುವವರು ಸಾಹಿತ್ಯವನ್ನೋ, ಚರಿತ್ರೆಯನ್ನೋ, ಆರೋಗ್ಯವನ್ನೋ ಕುರಿತು ನಾಲ್ಕು ಮಾತು ಹೇಳುವುದು ನಮ್ಮಲ್ಲಿ ವಾಡಿಕೆ. ಈ ಸಲ ಅಧ್ಯಕ್ಷರು ನಮ್ಮನ್ನು ಕರೆದು, "ಆ ಕಂಪ್ಯೂಟರಿನ ಕಥೆಯನ್ನು ಎಲ್ಲರೆದುರು ಹೇಳಿಬಿಡಿ" ಎಂದು ಅಪ್ಪಣೆ ಮಾಡಿದರು. ಅದು ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆಯಲ್ಲ. ಅದರಲ್ಲಿ ಎರಡು ಭಾಗಗಳಿವೆ. ಒಂದು ಯಂತ್ರದ ದೋಷ. ಇನ್ನೊಂದು ನಮ್ಮ ದೋಷ. ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿ ನಿಂತಿದ್ದೇವೆ. ತಮ್ಮ ಮನೆಯಲ್ಲಿ, ತಮ್ಮ ಕಚೇರಿಯಲ್ಲಿ ಇಂಥದೇ ಪ್ರಸಂಗ ಬಂದಾಗ ನಾಲ್ಕು ಕಾಸು ಉಳಿದರೂ, ಒಬ್ಬರ ಮನಸ್ಸು ನೋಯದೆ ಉಳಿದರೂ ಈ ಮಾತು ಸಾರ್ಥಕವಾದಂತೆ.

ಯಂತ್ರ ಬಂದ ಬಗೆಯನ್ನು ಮೊದಲು ಹೇಳಬೇಕು. ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಬಹುಮಂದಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಗಳಿಂದ ದುಡಿಮೆಗಾಗಿ ಬಂದವರು. ಉಳಿದವರು ಕಚೇರಿ, ಅಂಗಡಿ, ಗೋದಾಮುಗಳ ಗುಮಾಸ್ತರು. ಹಿಂದೆ ಜನ ಇಲ್ಲಿಗೆ ಪತ್ರಿಕೆಗಾಗಿ ಬರುತ್ತಿದ್ದರು; ಈಗ ಪತ್ರಿಕೆಯ ಜೊತೆಗೆ ಅರ್ಜಿಗಾಗಿಯೂ ಬರುತ್ತಾರೆ. ಊರಿನ ಹೊಲದ ಪಹಣಿ ನೋಡಬೇಕು. ಭವಿಷ್ಯನಿಧಿಯ ಹಣ ಕೇಳಬೇಕು. ರೈಲ್ವೆ ನೇಮಕಾತಿಗೆ ಅರ್ಜಿ ಹಾಕಬೇಕು. ಸಂವಿಧಾನದ 371(ಜೆ) ವಿಧಿಯ ಮೀಸಲಾತಿಗೆ ಮಕ್ಕಳ ಪ್ರಮಾಣಪತ್ರ ಕಳಿಸಬೇಕು. ಎಲ್ಲವೂ ಪರದೆಯ ಮೂಲಕವೇ ಆಗತಕ್ಕದ್ದು. ಕೈಯಲ್ಲಿ ಮೊಬೈಲು ಇದೆ, ನಿಜ. ಆದರೆ ಎಂಟು ಪುಟದ ಅರ್ಜಿಯನ್ನು ಅಂಗೈ ಅಗಲದ ಗಾಜಿನ ಮೇಲೆ ತುಂಬುವ ಕಷ್ಟ ತುಂಬಿದವರಿಗೇ ಗೊತ್ತು.

ಹಳೆಯ ಕಂಪ್ಯೂಟರು ಸವೆದು ಹೋಗಿದ್ದರಿಂದ ಸದಸ್ಯರೆಲ್ಲ ಕೈಲಾದಷ್ಟು ಚಂದಾ ಕೊಟ್ಟರು. ಸಿದ್ಧ ಯಂತ್ರ ಕೊಳ್ಳಲು ಹಣ ಸಾಲದು. ಬಿಡಿಭಾಗಗಳನ್ನು ತಂದು ನಾವೇ ಜೋಡಿಸಿದರೆ ಸಾಕಷ್ಟು ಉಳಿಯುತ್ತದೆ ಎಂದು ತೀರ್ಮಾನವಾಯಿತು. ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರನ್ನು ಅರಿಯದ ಕಂಪ್ಯೂಟರು ಪ್ರೇಮಿಗಳು ಸಿಕಂದರಾಬಾದಿನಲ್ಲಿ ಇರಲಾರರು. ಆ ಓಣಿಯಲ್ಲಿ ಎರಡು ದಿನ ಅಲೆದು ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್, ಡಿಸ್ಕ್, ಎಸ್.ಎಂ.ಪಿ.ಎಸ್., ಕ್ಯಾಬಿನೆಟ್, ಮಾನಿಟರ್ ಇಷ್ಟನ್ನೂ ತಂದೆವು. ಸಮಿತಿಯ ಮೂವರು ಕೂತು, ಒಂದು ಸ್ಕ್ರೂ ಡ್ರೈವರು ಹಿಡಿದು, ರಾತ್ರಿ ಹನ್ನೊಂದರೊಳಗೆ ಜೋಡಿಸಿಬಿಟ್ಟೆವು. ಗುಂಡಿ ಒತ್ತಿದಾಗ ಪರದೆಯ ಮೇಲೆ ಚಿತ್ರ ಮೂಡಿತು. ಆ ರಾತ್ರಿಯ ನಮ್ಮ ಸಂಭ್ರಮವನ್ನು ಏನೆಂದು ಹೇಳೋಣ! ಮಹಾ ವಿದ್ವಾಂಸರಾದೆವೆಂದೇ ಭಾವಿಸಿದೆವು.

ಈ ನಗರಕ್ಕೆ ಕಂಪ್ಯೂಟರು ಹೊಸದಲ್ಲ. ನಾವು ನಿತ್ಯವೂ ಬಸ್ಸಿನ ಹಲಗೆಯ ಮೇಲೆ ಓದುವ ಇ.ಸಿ.ಐ.ಎಲ್. ಎಂಬ ಹೆಸರು 1967ರಲ್ಲಿ ಇಲ್ಲಿ ಸ್ಥಾಪಿತವಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಸಂಸ್ಥೆಯದು. ನಮ್ಮ ದೇಶದಲ್ಲೇ ತಯಾರಾದ ಟಿ.ಡಿ.ಸಿ.-12 ಎಂಬ ಕಂಪ್ಯೂಟರನ್ನು ಆ ಸಂಸ್ಥೆ 1969ರಲ್ಲಿ ಹೊರತಂದಿತು. ಅಂದಿನ ಯಂತ್ರಗಳ ಬಳಿ ಕೈ ಹಾಕುತ್ತಿದ್ದವರು ಓದಿ ಪಳಗಿದ ಇಂಜಿನಿಯರುಗಳು. ಇಂದು ಯಂತ್ರ ಚಿಕ್ಕದಾಗಿದೆ, ಅಗ್ಗವಾಗಿದೆ, ನಮ್ಮಂಥವರೂ ಜೋಡಿಸಬಹುದಾಗಿದೆ. ಆದರೆ ಆ ಇಂಜಿನಿಯರುಗಳ ಕೈಯಲ್ಲಿದ್ದ ಒಂದು ಗುಣ, ಎಂದರೆ ಕ್ರಮ, ಅಗ್ಗದ ಯಂತ್ರದ ಜೊತೆಯಲ್ಲಿ ಪೆಟ್ಟಿಗೆಯೊಳಗೆ ಬರುವುದಿಲ್ಲ. ಅದನ್ನು ನಾವೇ ಕಲಿಯಬೇಕು. ಕಲಿಯದೆ ಹೋದುದರಿಂದ ಏನಾಯಿತೆಂಬುದನ್ನು ಕೇಳಿ.

ಮೂರು ವಾರ ಯಂತ್ರ ಚೆನ್ನಾಗಿ ನಡೆಯಿತು. ಕಳೆದ ತಿಂಗಳ ಕೂಟದ ಮರುದಿನ, ಸೋಮವಾರ ಸಂಜೆ ಏಳು ಗಂಟೆಗೆ ಬಾಗಿಲು ತೆಗೆದು ಗುಂಡಿ ಒತ್ತಿದೆವು. ಫ್ಯಾನು ತಿರುಗಿತು, ಮುಂದಿನ ದೀಪ ಹತ್ತಿತು. ಪರದೆ ಮಾತ್ರ ಕಪ್ಪು. ಸಿಗ್ನಲ್ ಇಲ್ಲವೆಂಬ ಅರ್ಥದ ಇಂಗ್ಲಿಷ್ ಅಕ್ಷರಗಳು ಒಂದು ಕ್ಷಣ ಮೂಡಿ ಆರಿಹೋದವು. ಅಂದು ಬೆಂಚಿನ ಮೇಲೆ ಯಾದಗಿರಿ ಕಡೆಯ ಒಬ್ಬ ಗಾರೆ ಕೆಲಸದವರು ಮಗಳೊಡನೆ ಕಾದು ಕುಳಿತಿದ್ದರು. ಆ ಹುಡುಗಿಯ ಕಾಲೇಜು ಅರ್ಜಿಗೆ ಮರುದಿನ ಕೊನೆಯ ದಿನ. ಆಕೆಯ ಪ್ರಮಾಣಪತ್ರಗಳ ನಕಲುಗಳನ್ನೆಲ್ಲ ಶನಿವಾರವೇ ತೆಗೆದು ಆ ಯಂತ್ರದೊಳಗೆ ಇಟ್ಟಿದ್ದೆವು.

ನಮಗೆ ಗಾಬರಿಯಾಯಿತು. ಗಾಬರಿಯಾದವರು ಮಾಡುವುದನ್ನೆಲ್ಲ ಮಾಡಿದೆವು. ಹತ್ತು ಸಲ ಆರಿಸಿದೆವು, ಹತ್ತು ಸಲ ಹಚ್ಚಿದೆವು. ಮಾನಿಟರಿನ ತಲೆಯ ಮೇಲೆ ತಟ್ಟಿದೆವು. ಹಿಂದಿನ ಕೇಬಲ್ಲುಗಳನ್ನೆಲ್ಲ ಒಟ್ಟಿಗೆ ಕಿತ್ತು ಒಟ್ಟಿಗೆ ಸಿಕ್ಕಿಸಿದೆವು. ಒಬ್ಬರು ಕೇಬಲ್ ಹೋಗಿದೆ ಎಂದರು. ಒಬ್ಬರು ಮಾನಿಟರ್ ಹೋಗಿದೆ ಎಂದರು. ಬಲ್ಲವರೆಂದು ನಾವು ಫೋನು ಮಾಡಿದ ಒಬ್ಬ ಗುರುತಿನವರು, ಯಂತ್ರವನ್ನು ಕಣ್ಣಿನಿಂದ ನೋಡದೆಯೇ, ಮದರ್‌ಬೋರ್ಡ್ ಬದಲಿಸಬೇಕಾಗುತ್ತದೆ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಇಷ್ಟೇ ಆಗಿದ್ದರೆ ಈ ಭಾಷಣ ಬೇಕಿರಲಿಲ್ಲ. ಆ ಗಾಬರಿಯಲ್ಲಿ ನಮ್ಮ ಕಣ್ಣು ಒಬ್ಬ ತರುಣನ ಮೇಲೆ ಬಿದ್ದಿತು. ರಾಯಚೂರು ಕಡೆಯವನು, ಇಲ್ಲಿಯ ಒಂದು ಟಿಫಿನ್ ಹೋಟೆಲಿನಲ್ಲಿ ದುಡಿಯುತ್ತಾನೆ, ಬಿಡುವಿನಲ್ಲಿ ಬಂದು ಕನ್ನಡ ಟೈಪಿಂಗ್ ಕಲಿಯುತ್ತಿದ್ದನು. ಭಾನುವಾರ ಕೂಟಕ್ಕೆ ಮುಂಚೆ ಕೊನೆಯದಾಗಿ ಯಂತ್ರ ಮುಟ್ಟಿದವನು ಅವನೇ. "ನಾ ಏನೂ ಮಾಡಿಲ್ರಿ ಸರ್, ಬಂದ್ ಮಾಡೋ ಮುಂದ ಚಲೋನೇ ಇತ್ರಿ" ಎಂದನು. ನಾವು ಕೇಳಲಿಲ್ಲ. ತಿಳಿಯದವರು ಕೈ ಹಾಕಿದರೆ ಹೀಗೇ ಆಗುತ್ತದೆ ಎಂದು ಹತ್ತು ಜನರ ಮುಂದೆ ಹೇಳಿಬಿಟ್ಟೆವು. ಆತ ಮರುಮಾತಾಡದೆ ಚಪ್ಪಲಿ ಮೆಟ್ಟಿ ಹೊರಟುಹೋದನು. ಆಮೇಲೆ ಎಂಟು ದಿನ ಈ ಕಡೆ ಸುಳಿಯಲಿಲ್ಲ.

ಆ ಹುಡುಗಿಯ ತಂದೆ ರಾತ್ರಿಯೇ ಕೋಣೆಗೆ ಹೋಗಿ ಮೂಲಪತ್ರಗಳನ್ನು ತಂದರು. ಸ್ಟೇಷನ್ನಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿ ಅರ್ಜಿ ಹಾಕಿದ್ದಾಯಿತು. ಖರ್ಚು ಅವರದೇ, ನಿದ್ದೆಗೆಟ್ಟು ಮರುದಿನ ಅರ್ಧ ಕೂಲಿ ಹೋದದ್ದೂ ಅವರದೇ.

ಮರುದಿನ ಸಂಜೆ ನಮ್ಮ ಹಿರಿಯ ಸದಸ್ಯರೊಬ್ಬರು ಬಂದರು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಆಯುಷ್ಯ ಸವೆಸಿ ನಿವೃತ್ತರಾದವರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತೇವೆ. ಕಂಪ್ಯೂಟರು ಅವರಿಗೆ ತಿಳಿಯದು. ನಮ್ಮ ಗೋಳನ್ನೆಲ್ಲ ಕೇಳಿ ಕೊನೆಗೆ ಅವರು ಕೇಳಿದ್ದು ಇಷ್ಟು: "ತಮ್ಮಾ, ಈ ಚಿತ್ರ ಎಲ್ಲಿಂದ ಹೊಂಡ್ತದ, ಎಲ್ಲಿಗಿ ಬಂದು ಮುಟ್ತದ, ನಡುವ ಸ್ಟೇಷನ್ ಯಾವ್ಯಾವ ಅವ, ಹೇಳ್ರಿ." ನಾವು ಸುಮ್ಮನಿದ್ದೆವು. ಅವರೇ ಮುಂದುವರಿಸಿದರು: "ವಾಡಿಯಿಂದ ಬಿಟ್ಟ ಗಾಡಿ ಸಿಕಂದರಾಬಾದಿಗಿ ಬಂದಿಲ್ಲಂದ್ರ ನೀವು ಇಲ್ಲಿ ಪ್ಲಾಟ್‌ಫಾರಂ ಅಗೀತೀರೇನು? ತಾಂಡೂರಿಗಿ ಬಂತೇನು, ವಿಕಾರಾಬಾದ್ ದಾಟಿತೇನು ಅಂತ ಕೇಳ್ತೀರೋ ಇಲ್ಲೋ?"

ಆ ವಾಡಿಯ ದಾರಿ ನಮ್ಮಲ್ಲಿ ಅನೇಕರು ಬಂದ ದಾರಿ. ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದ ಮಾರ್ಗ ಅದು. ಅದರ ಮೇಲೆ ಗಾಡಿ ಎಲ್ಲಿ ನಿಂತಿತೆಂದು ಹುಡುಕುವ ಕ್ರಮ ಏನೋ, ಪೆಟ್ಟಿಗೆಯೊಳಗೆ ಚಿತ್ರ ಎಲ್ಲಿ ನಿಂತಿತೆಂದು ಹುಡುಕುವ ಕ್ರಮವೂ ಅದೇ ಎಂದು ನಮಗೆ ಆಗ ಹೊಳೆಯಿತು. ಒಂದು ಕಾಗದದ ಮೇಲೆ ನಿಲ್ದಾಣಗಳನ್ನು ಬರೆದೆವು. ಗೋಡೆಯ ವಿದ್ಯುತ್ತು ಮೊದಲು ಎಸ್.ಎಂ.ಪಿ.ಎಸ್.ಗೆ ಬರುತ್ತದೆ. 230 ವೋಲ್ಟಿನ ಆ ವಿದ್ಯುತ್ತನ್ನು ಅದು 12, 5, 3.3 ವೋಲ್ಟುಗಳಿಗೆ ಇಳಿಸಿ ಮದರ್‌ಬೋರ್ಡಿಗೆ ಕೊಡುತ್ತದೆ. ಅಲ್ಲಿ ಪ್ರೊಸೆಸರ್ ಎದ್ದು ರ‍್ಯಾಮನ್ನು ಪರೀಕ್ಷಿಸುತ್ತದೆ. ಆಮೇಲೆ ಚಿತ್ರ ರಚಿಸುವ ಭಾಗ ಏಳುತ್ತದೆ. ಅಲ್ಲಿಂದ ಕೇಬಲ್, ಕೇಬಲ್ಲಿನಿಂದ ಮಾನಿಟರ್. ಈ ಸಾಲಿನಲ್ಲಿ ಎಲ್ಲಿಯವರೆಗೆ ಕ್ಷೇಮವೆಂದು ತಿಳಿದರೆ ದೋಷ ಅದರ ಮುಂದೆ ಇದೆಯೆಂದಾಯಿತು. ಕಾಕಾ ಒಂದು ನಿಯಮ ವಿಧಿಸಿದರು: ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನೂ ಕಂಡದ್ದನ್ನೂ ಪುಸ್ತಕದಲ್ಲಿ ಬರೆಯಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಮೊದಲು ಕೊನೆಯ ನಿಲ್ದಾಣವಾದ ಮಾನಿಟರನ್ನು ನೋಡಿದೆವು. ಸಿಗ್ನಲ್ ಇಲ್ಲವೆಂದು ಅದು ತಾನೇ ಹೇಳುತ್ತಿದೆಯಾದರೆ ಅದಕ್ಕೆ ವಿದ್ಯುತ್ತು ಬರುತ್ತಿದೆ, ಪರದೆಯೂ ಬದುಕಿದೆ ಎಂದರ್ಥ. ಹಿಂದಿನ ದಿನ ಆ ಅಕ್ಷರಗಳನ್ನು ಕಂಡೂ ನಾವು ಅದರ ಅರ್ಥ ಮಾಡಿಕೊಂಡಿರಲಿಲ್ಲ. ಮಾನಿಟರಿನ ಗುಂಡಿಗಳಲ್ಲಿ ಯಾವ ದಾರಿಯಿಂದ ಚಿತ್ರ ಬರಬೇಕೆಂದು ಆರಿಸುವ ಸ್ಥಾನವೊಂದಿರುತ್ತದೆ, ಕೇಬಲ್ಲು ಎಚ್.ಡಿ.ಎಂ.ಐ. ಕಿಂಡಿಯಲ್ಲಿದ್ದು ಮಾನಿಟರು ಬೇರೆ ಕಿಂಡಿಯ ಕಡೆ ನೋಡುತ್ತಿದ್ದರೂ ಪರದೆ ಕಪ್ಪಾಗಿಯೇ ಇರುತ್ತದೆ. ಅದು ಸರಿಯಾಗಿತ್ತು. ಒಬ್ಬ ಸದಸ್ಯರ ಲ್ಯಾಪ್‌ಟಾಪನ್ನು ಅದೇ ಕೇಬಲ್ಲಿನಿಂದ ಅದೇ ಮಾನಿಟರಿಗೆ ಸೇರಿಸಿದೆವು. ಚಿತ್ರ ಬಂದಿತು. ಎರಡು ನಿಮಿಷದಲ್ಲಿ ಮಾನಿಟರು, ಕೇಬಲ್ಲು ಎರಡೂ ನಿರ್ದೋಷಿಗಳೆಂದು ತೀರಿತು. ಹೊಸ ಕೇಬಲ್ಲಿಗೆ ಕೊಡಲಿದ್ದ ಹಣ ಉಳಿಯಿತು.

ಎರಡನೆಯದಾಗಿ, ಪೆಟ್ಟಿಗೆ ನಿಜವಾಗಿ ಎಚ್ಚರವಾಗಿದೆಯೇ ಎಂದು ನೋಡಬೇಕು. ಫ್ಯಾನು ತಿರುಗಿದ ಮಾತ್ರಕ್ಕೆ ಕಂಪ್ಯೂಟರು ಎದ್ದಿದೆಯೆಂದಲ್ಲ, ನಿದ್ರಿಸುವವನೂ ಉಸಿರಾಡುತ್ತಾನೆ. ಕೀಲಿಮಣೆಯಲ್ಲಿ ಕ್ಯಾಪ್ಸ್ ಲಾಕ್ ಎಂಬ ಗುಂಡಿಯನ್ನು ಒತ್ತಿ, ಅದರ ಸಣ್ಣ ದೀಪ ಹತ್ತಿ ಆರಿದರೆ ಯಂತ್ರ ಒಳಗೆ ಕೆಲಸ ಮಾಡುತ್ತಿದೆ, ಚಿತ್ರ ಮಾತ್ರ ಹೊರಬರುತ್ತಿಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ನಮ್ಮಲ್ಲಿ ದೀಪ ಹತ್ತಲಿಲ್ಲ. ಎಂದರೆ ಯಂತ್ರ ಆರಂಭದಲ್ಲೇ ಎಲ್ಲೋ ನಿಂತಿತ್ತು. ಇನ್ನೊಂದು ಲಕ್ಷಣವನ್ನೂ ಇಲ್ಲಿ ಹೇಳುತ್ತೇವೆ. ಗುಂಡಿ ಒತ್ತಿದಾಗ ತಯಾರಕರ ಮುದ್ರೆ ಪರದೆಯ ಮೇಲೆ ಕಂಡು ಆಮೇಲೆ ಕಪ್ಪಾದರೆ, ಮೊದಲು ಸಂಶಯಿಸಬೇಕಾದದ್ದು ಒಳಗಿನ ತಂತ್ರಾಂಶವನ್ನು, ಬಿಡಿಭಾಗಗಳನ್ನಲ್ಲ. ಮುದ್ರೆಯೇ ಕಾಣದಿದ್ದರೆ ಪೆಟ್ಟಿಗೆಯನ್ನು ತೆರೆಯಬೇಕು.

ಕಂಪ್ಯೂಟರು ಎದ್ದ ಕೂಡಲೆ ತನ್ನ ಅಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. 1981ರಲ್ಲಿ ಬಂದ ಐ.ಬಿ.ಎಂ. ಕಂಪೆನಿಯ ಪುಟ್ಟ ಕಂಪ್ಯೂಟರು ಎಲ್ಲವೂ ಸರಿಯಿದ್ದರೆ ಒಂದು ಸಲ ಕಿರು ಸದ್ದು ಮಾಡುತ್ತಿತ್ತು. ಸರಿಯಿಲ್ಲದಿದ್ದರೆ ಬೇರೆ ಬಗೆಯಾಗಿ ಕೂಗುತ್ತಿತ್ತು. ಈಗಿನ ಹಲವು ಮದರ್‌ಬೋರ್ಡುಗಳಲ್ಲಿ ಸದ್ದಿನ ಬದಲು ನಾಲ್ಕು ಸಣ್ಣ ದೀಪಗಳಿರುತ್ತವೆ: ಪ್ರೊಸೆಸರಿಗೆ ಒಂದು, ರ‍್ಯಾಮಿಗೆ ಒಂದು, ಚಿತ್ರಕ್ಕೆ ಒಂದು, ಡಿಸ್ಕಿನಿಂದ ಆರಂಭವಾಗುವುದಕ್ಕೆ ಒಂದು. ಒಂದೊಂದು ಪರೀಕ್ಷೆ ನಡೆಯುವಾಗ ಒಂದೊಂದು ದೀಪ ಹತ್ತಿ ಆರುತ್ತದೆ. ಯಾವ ದೀಪ ಆರದೆ ನಿಂತಿತೋ ಗಾಡಿ ಆ ನಿಲ್ದಾಣದಲ್ಲಿ ನಿಂತಿದೆ. ಕ್ಯಾಬಿನೆಟ್ಟಿನ ಪಕ್ಕದ ಹಲಗೆ ತೆಗೆದು ನೋಡಿದರೆ ರ‍್ಯಾಮಿನ ದೀಪ ಒಂದೇ ಸಮನೆ ಉರಿಯುತ್ತಿತ್ತು! ಹಿಂದಿನ ದಿನ ಹತ್ತು ಸಲ ಆರಿಸಿ ಹಚ್ಚಿದಾಗಲೂ ಪಾಪ ಅದು ಹತ್ತು ಸಲವೂ ತನ್ನ ದೂರನ್ನು ಹೇಳಿಕೊಂಡಿತ್ತು. ಕೇಳುವವರಿರಲಿಲ್ಲ.

ಒಳಗೆ ಕೈ ಹಾಕುವ ಮೊದಲು ಎರಡು ಮಾತು ಎಲ್ಲರೂ ನೆನಪಿಡಬೇಕು. ಗುಂಡಿ ಆರಿಸಿದರೆ ಸಾಲದು. ಗೋಡೆಯಿಂದ ಪ್ಲಗ್ಗನ್ನು ಕಿತ್ತು, ಆಮೇಲೆ ಮುಂದಿನ ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಕಳೆಯಬೇಕು. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಮೈಮೇಲಿನ ಸ್ಥಿರವಿದ್ಯುತ್ತನ್ನು ಇಳಿಸಿಕೊಳ್ಳಬೇಕು. ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನಂತೂ ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಪ್ರಾಣಾಪಾಯದಷ್ಟು ವಿದ್ಯುತ್ತು ಉಳಿದಿರಬಹುದು. ಬಾಡಿಗೆ ಕೋಣೆಗಳಲ್ಲಿ ಮೂರು ಕಡ್ಡಿಯ ಪ್ಲಗ್ಗಿಗೆ ಎರಡು ಕಡ್ಡಿಯ ತೊಡಕು ಹಾಕಿ ಅರ್ಥಿಂಗ್ ತಪ್ಪಿಸುವ ಅಭ್ಯಾಸವಿದೆ. ಅದನ್ನು ಬಿಡಬೇಕು. ಯಂತ್ರಕ್ಕೂ ಒಳ್ಳೆಯದಲ್ಲ, ಮುಟ್ಟುವವರಿಗೂ ಒಳ್ಳೆಯದಲ್ಲ.

ನಮ್ಮ ಯಂತ್ರದಲ್ಲಿ ರ‍್ಯಾಮಿನ ಎರಡು ಪಟ್ಟಿಗಳಿವೆ, ಈಚಿನ ಡಿ.ಡಿ.ಆರ್.5 ಎಂಬ ಜಾತಿಯವು. ಒಂದೊಂದು ಪಟ್ಟಿಯ ಅಂಚಿನಲ್ಲಿ ಚಿನ್ನದ ಲೇಪವುಳ್ಳ 288 ಸಂಪರ್ಕಗಳಿರುತ್ತವೆ. ಪಟ್ಟಿ ಕೂದಲೆಳೆಯಷ್ಟು ಓರೆಯಾಗಿ ಮುಖ್ಯವಾದ ಒಂದು ಸಂಪರ್ಕ ತಪ್ಪಿದರೂ ಪ್ರೊಸೆಸರಿಗೆ ನೆನಪೇ ಇಲ್ಲದಂತಾಗಿ ಅದು ಮುಂದೆ ಹೋಗದೆ ನಿಲ್ಲುತ್ತದೆ. ಬೆಳಕು ಹಿಡಿದು ನೋಡಿದಾಗ ಒಂದು ಪಟ್ಟಿಯ ತುದಿಯ ಕೊಂಡಿ ಪೂರ್ತಿ ಮುಚ್ಚಿರಲಿಲ್ಲ. ಜೋಡಿಸಿದ ರಾತ್ರಿ ಅದನ್ನು ಕಟ್ ಎಂದು ಸದ್ದಾಗುವವರೆಗೆ ಒತ್ತಬೇಕಾಗಿತ್ತು. ಒತ್ತಿರಲಿಲ್ಲ. ಹೇಗೋ ಅಂಚು ತಾಗಿಕೊಂಡು ಮೂರು ವಾರ ನಡೆಯಿತು.

ಹಾಗಾದರೆ ಸೋಮವಾರವೇ ಏಕೆ ನಿಂತಿತು? ಕಾಕಾ ಅದನ್ನೂ ಕೇಳಿದರು: "ಭಾನುವಾರದಿಂದ ಸೋಮವಾರದ ನಡುವ ಏನೇನು ನಡೀತು?" ಆಗ ನೆನಪಾಯಿತು. ತರುಣನು ಯಂತ್ರ ಆರಿಸಿ ಎದ್ದ ಮೇಲೆ, ಕೂಟಕ್ಕೆ ಜಮಖಾನ ಹಾಸಲು ಜಾಗ ಸಾಲದೆಂದು, ನಾಲ್ವರು ಸೇರಿ ಆ ಮೇಜನ್ನು ಪೆಟ್ಟಿಗೆಯ ಸಮೇತ ಎತ್ತಿ ಮೂಲೆಗೆ ಇಟ್ಟಿದ್ದೆವು. ಇಡುವಾಗ ಮೇಜಿನ ಕಾಲು ದಡ್ಡೆಂದು ಕುಸಿದು, ಸಮಿತಿಯವರೊಬ್ಬರ ಕಾಲ್ಬೆರಳು ಜಜ್ಜಿ ಎಲ್ಲರೂ ನಕ್ಕಿದ್ದೆವು. ಅರೆಬರೆ ಕೂತಿದ್ದ ಪಟ್ಟಿ ಆ ಪೆಟ್ಟಿಗೆ ಸರಿದಿತ್ತು. ಸರಿಯಾಗಿ ಕೂರಿಸದವರು ನಾವು, ಕುಲುಕಿದವರೂ ನಾವೇ. ದೂರು ಹೊತ್ತವನು ಮಾತ್ರ ಬೇರೆ.

ಎರಡೂ ಪಟ್ಟಿಗಳನ್ನು ತೆಗೆದೆವು. ಒಣಬಟ್ಟೆಯಿಂದ ಅಂಚನ್ನು ಮೆಲ್ಲಗೆ ಒರೆಸಿದೆವು. ಮದರ್‌ಬೋರ್ಡಿನ ಕೈಪಿಡಿ ತೆಗೆದು ಓದಿದೆವು. ಜೋಡಿಸುವ ರಾತ್ರಿ ಅದನ್ನು ತೆರೆದೇ ಇರಲಿಲ್ಲ. ನಾಲ್ಕು ಕಿಂಡಿಗಳಿರುವ ಬೋರ್ಡಿನಲ್ಲಿ ಒಂದೇ ಪಟ್ಟಿ ಹಾಕುವುದಾದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಕಿಂಡಿಯಲ್ಲಿ, ಎರಡು ಹಾಕುವುದಾದರೆ ಎರಡನೆಯದರಲ್ಲೂ ನಾಲ್ಕನೆಯದರಲ್ಲೂ ಹಾಕಬೇಕು. ಅದರಂತೆ ಒಂದೇ ಪಟ್ಟಿಯನ್ನು, ಕಚ್ಚಿನ ಗುರುತು ಹೊಂದಿಸಿ, ಕೊಂಡಿ ಸದ್ದಾಗುವವರೆಗೆ ಒತ್ತಿ ಕೂರಿಸಿ ಗುಂಡಿ ಒತ್ತಿದೆವು. ಪರದೆ ಮತ್ತೆ ಕಪ್ಪು. ಅರ್ಧ ನಿಮಿಷ, ಒಂದು ನಿಮಿಷ. ನಮ್ಮಲ್ಲೊಬ್ಬರು ಆರಿಸಲು ಕೈ ಚಾಚಿದರು. ಕಾಕಾ ಆ ಕೈ ಹಿಡಿದು, "ತಡೀರಿ, ಸಿಗ್ನಲ್ ಬೀಳ್ಲಿ" ಎಂದರು. ಎರಡು ನಿಮಿಷ ದಾಟಿದ ಮೇಲೆ ಪರದೆಯ ಮೇಲೆ ಬೆಳಕು ಮೂಡಿತು!

ಈ ಕಾಯುವಿಕೆಗೂ ಕಾರಣವಿದೆ. ಡಿ.ಡಿ.ಆರ್.5 ರ‍್ಯಾಮನ್ನು ಬದಲಿಸಿ ಮೊದಲ ಸಲ ಹಚ್ಚಿದಾಗ ಬೋರ್ಡು ಅದರೊಡನೆ ವೇಗವನ್ನೂ ಹೊತ್ತನ್ನೂ ಹೊಂದಿಸಿಕೊಳ್ಳುತ್ತದೆ. ಅದಕ್ಕೆ ಕೆಲವು ನಿಮಿಷಗಳೇ ಬೇಕಾಗಬಹುದು. ಅಷ್ಟು ಹೊತ್ತು ಪರದೆ ಕಪ್ಪಾಗಿರುತ್ತದೆ. ಯಂತ್ರ ಸತ್ತಿದೆಯೆಂದು ನಡುವೆ ಆರಿಸಿದರೆ ಆ ಕೆಲಸ ಮತ್ತೆ ಮೊದಲಿನಿಂದ. ತಾಳಿದವನು ಬಾಳಿಯಾನು ಎಂಬ ಮಾತು ರ‍್ಯಾಮಿಗೂ ಸಲ್ಲುತ್ತದೆ. ಆಮೇಲೆ ಎರಡನೆಯ ಪಟ್ಟಿಯನ್ನೂ ಕೂರಿಸಿದೆವು. ಹುಡುಗಿಯ ಪ್ರಮಾಣಪತ್ರಗಳು ಡಿಸ್ಕಿನಲ್ಲಿ ಇದ್ದಂತೆಯೇ ಇದ್ದವು. ಪರದೆ ಕಪ್ಪಾದರೆ ಒಳಗಿನ ಕಾಗದಪತ್ರ ಅಳಿಸಿಹೋದವೆಂದು ಹೆದರಬೇಕಾಗಿಲ್ಲ. ಆದರೂ ಮುಖ್ಯ ಪತ್ರಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳುವುದು ಜಾಣತನ.

ನಮ್ಮ ಯಂತ್ರದ ರೋಗ ಇದಾಯಿತು. ಎಲ್ಲರ ಯಂತ್ರಕ್ಕೂ ಇದೇ ರೋಗವಿರಬೇಕೆಂದಿಲ್ಲ. ಆದುದರಿಂದ ಬೇರೆ ಕಾರಣಗಳನ್ನೂ ಸಂಕ್ಷೇಪವಾಗಿ ಹೇಳುತ್ತೇವೆ. ಚಿತ್ರಕ್ಕಾಗಿ ಪ್ರತ್ಯೇಕ ಕಾರ್ಡು ಹಾಕಿದ್ದರೆ ಕೇಬಲ್ಲನ್ನು ಆ ಕಾರ್ಡಿನ ಕಿಂಡಿಗೇ ಸಿಕ್ಕಿಸಬೇಕು, ಬೋರ್ಡಿನ ಕಿಂಡಿಗಲ್ಲ. ಕೆಲವು ಪ್ರೊಸೆಸರುಗಳಲ್ಲಿ ಚಿತ್ರ ರಚಿಸುವ ಭಾಗವೇ ಇರುವುದಿಲ್ಲ. ಹೆಸರಿನ ಕೊನೆಗೆ ಎಫ್ ಅಕ್ಷರವಿರುವ ಇಂಟೆಲ್ ಪ್ರೊಸೆಸರುಗಳು ಅಂಥವು. ಅಲ್ಲಿ ಬೋರ್ಡಿನ ಕಿಂಡಿಯಿಂದ ಚಿತ್ರವನ್ನು ನಿರೀಕ್ಷಿಸುವುದು ಬತ್ತಿದ ಬಾವಿಗೆ ಕೊಡ ಬಿಟ್ಟಂತೆ. ಬೋರ್ಡಿಗೆ ಹೋಗುವ 24 ಕಡ್ಡಿಯ ತಂತಿಯಲ್ಲದೆ ಪ್ರೊಸೆಸರಿನ ಪಕ್ಕಕ್ಕೆ ಹೋಗುವ 8 ಕಡ್ಡಿಯ ತಂತಿ ಬೇರೆ ಇರುತ್ತದೆ. ಅದು ಸಡಿಲವಾದರೆ ಫ್ಯಾನು ತಿರುಗಿದರೂ ಯಂತ್ರ ಏಳುವುದಿಲ್ಲ. ಒಳಗಿನ ವೇಗ ಮೊದಲಾದ ಏರ್ಪಾಡುಗಳನ್ನು ಬದಲಿಸಿದ ಮೇಲೆ ಪರದೆ ಕಪ್ಪಾದರೆ, ಪ್ಲಗ್ ಕಿತ್ತು, ಬೋರ್ಡಿನ ಮೇಲಿನ 3 ವೋಲ್ಟಿನ ಬಿಲ್ಲೆ ಬ್ಯಾಟರಿಯನ್ನು ತೆಗೆದು, ಕೆಲವು ನಿಮಿಷ ಬಿಟ್ಟು ಹಾಕಿದರೆ ಏರ್ಪಾಡುಗಳು ಮೊದಲಿನಂತಾಗುತ್ತವೆ.

ಒಮ್ಮೆಯೂ ಚಿತ್ರ ಬಾರದ ಹೊಸ ಯಂತ್ರ ಬೇರೆ, ಕೆಲವು ದಿನ ನಡೆದು ನಿಂತ ಯಂತ್ರ ಬೇರೆ ಎಂಬುದನ್ನೂ ಗಮನಿಸಬೇಕು. ಒಮ್ಮೆಯೂ ನಡೆಯದಿದ್ದರೆ ಒಂದಕ್ಕೊಂದು ಹೊಂದದ ಭಾಗಗಳನ್ನೂ, ಹಾಕಲು ಮರೆತ ತಂತಿಗಳನ್ನೂ ಸಂಶಯಿಸಬೇಕು. ನಡೆದು ನಿಂತಿದ್ದರೆ ಹೊಂದಿಕೆಯ ಮಾತು ಬಹುಮಟ್ಟಿಗೆ ತೀರಿದಂತೆ. ಸರಿದದ್ದು, ಸಡಿಲವಾದದ್ದು, ಕಾದದ್ದು, ಯಾರಾದರೂ ಬದಲಿಸಿದ್ದು ಇವುಗಳನ್ನು ಹುಡುಕಬೇಕು. ಇಷ್ಟೂ ಮಾಡಿ ಗುಣವಾಗದಿದ್ದರೆ ಬಿಲ್ಲನ್ನೂ ಪೆಟ್ಟಿಗೆಗಳನ್ನೂ ತೆಗೆದುಕೊಂಡು ಅಂಗಡಿಗೆ ಹೋಗಬೇಕು. ಭಾಗಭಾಗಕ್ಕೂ ಬೇರೆ ಬೇರೆ ವಾರಂಟಿ ಇರುತ್ತದೆ. ನೀವು ಬರೆದಿಟ್ಟ ಪುಸ್ತಕವನ್ನು ತೋರಿಸಿದರೆ ರಿಪೇರಿಯವರ ಅರ್ಧ ಕೆಲಸ ಮುಗಿದಂತೆ. ಬೇಡದ ಭಾಗಕ್ಕೆ ಹಣ ಕೊಡುವುದೂ ತಪ್ಪುತ್ತದೆ.

ಇನ್ನು ನಮ್ಮ ದೋಷದ ಮಾತು. ಯಂತ್ರ ಸರಿಯಾದ ರಾತ್ರಿ ನಮಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಮಾನಿಟರಿಗೆ ಪರೀಕ್ಷೆ ಮಾಡಿ ನಿರ್ದೋಷಿಯೆಂದು ತೀರ್ಪು ಕೊಟ್ಟೆವು, ಕೇಬಲ್ಲಿಗೂ ಕೊಟ್ಟೆವು, ಮನುಷ್ಯನಿಗೆ ಮಾತ್ರ ಪರೀಕ್ಷೆಯಿಲ್ಲದೆ ಶಿಕ್ಷೆ ಕೊಟ್ಟಿದ್ದೆವು. ಕೊನೆಗೆ ಮುಟ್ಟಿದವನೇ ಕೆಡಿಸಿದವನೆಂದು ತಿಳಿಯುವುದು ಎಷ್ಟು ಸುಲಭ! ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದರು. ನಾವು ಪ್ರತ್ಯಕ್ಷವಾಗಿ ಕಂಡೂ ಇರಲಿಲ್ಲ. ಪರಸ್ಥಳದಲ್ಲಿ ದುಡಿಯುವ ನಮಗೆಲ್ಲ ಈ ನೋವು ಹೊಸದಲ್ಲ. ಗೋದಾಮಿನಲ್ಲಿ ಲೆಕ್ಕ ತಪ್ಪಿದರೆ ಹೊರಗಿನಿಂದ ಬಂದ ಹಮಾಲನ ಮೇಲೆ ಮೊದಲು ಕಣ್ಣು ಬೀಳುವುದನ್ನು ಎಷ್ಟು ಸಲ ಕಂಡು ಕೊರಗಿಲ್ಲ? ಅದನ್ನೇ ನಮ್ಮ ನೆರಳಿಗೆ ಬಂದ ಹುಡುಗನಿಗೆ ನಾವೇ ಮಾಡಿದೆವು.

ನಾವಿಬ್ಬರು ಆತನ ಹೋಟೆಲಿಗೆ ಹೋಗಿ, ಅವನ ಯಜಮಾನರೆದುರೇ ತಪ್ಪಾಯಿತೆಂದು ಹೇಳಿದೆವು. "ಇರ್ಲಿ ಬಿಡ್ರಿ ಸರ್" ಎಂದನು. ಬಂದನು, ಆದರೆ ಮೊದಲ ವಾರ ಯಂತ್ರದ ಹತ್ತಿರ ಹೋಗಲಿಲ್ಲ, ಪತ್ರಿಕೆ ಓದಿ ಎದ್ದುಹೋದನು. ಹತ್ತು ಜನರ ಮುಂದೆ ಆಡಿದ ಮಾತನ್ನು ಹೋಟೆಲಿನಲ್ಲಿ ಹಿಂದೆಗೆದುಕೊಂಡರೆ ಸಾಲದೆಂದು ಆಗ ತಿಳಿಯಿತು. ಆದಕಾರಣ ಆತನ ಒಪ್ಪಿಗೆ ಪಡೆದು, ಹೆಸರು ಹೇಳದೆ, ಈ ಕೂಟದಲ್ಲಿ ಎಲ್ಲರ ಮುಂದೆ ಹೇಳುತ್ತಿದ್ದೇವೆ: ತಪ್ಪು ನಮ್ಮದು, ಆತನದಲ್ಲ. ಗಾರೆ ಕೆಲಸದ ಆ ಹಿರಿಯರಿಗೆ ಅಂಗಡಿಯಲ್ಲಿ ಆದ ಖರ್ಚನ್ನು ಸಮಿತಿಯ ಸದಸ್ಯರೇ ಸೇರಿಸಿ ಕೊಟ್ಟಿದ್ದೇವೆ, ಸಂಘದ ಹಣದಿಂದಲ್ಲ.

ಯಂತ್ರದ ಪಕ್ಕದಲ್ಲಿ ಈಗ ಒಂದು ನೋಟುಪುಸ್ತಕವನ್ನು ದಾರದಲ್ಲಿ ಕಟ್ಟಿದ್ದೇವೆ. ಯಾರು ಕೊನೆಗೆ ಮುಟ್ಟಿದರೆಂದು ಬರೆಯುವುದಕ್ಕಲ್ಲ. ಏನು ಕಂಡಿತು, ಏನು ಮಾಡಿದೆವು, ಆಮೇಲೆ ಏನಾಯಿತು ಎಂದು ಬರೆಯುವುದಕ್ಕೆ. ಜಮಖಾನ ಹಾಸುವ ದಿನ ಮೇಜನ್ನು ಎತ್ತುವ ಮುನ್ನ ಪೆಟ್ಟಿಗೆಯನ್ನು ಬೇರೆಯಾಗಿ ಎತ್ತಿ ಇಡಬೇಕೆಂಬುದು ಅದರ ಮೊದಲ ಪುಟದಲ್ಲಿದೆ. ಇಂದು ಸಂಜೆ ಹಾಗೆಯೇ ಇಟ್ಟಿದ್ದೇವೆ. ಕೂಟ ಮುಗಿದ ಮೇಲೆ ಕಲಿಯಬೇಕೆನ್ನುವವರು ನಿಲ್ಲಿ. ಪ್ಲಗ್ ಕಿತ್ತು, ಹಲಗೆ ತೆಗೆದು, ರ‍್ಯಾಮಿನ ಪಟ್ಟಿಯನ್ನು ತೆಗೆದು ಕೂರಿಸುವುದನ್ನು ಒಬ್ಬೊಬ್ಬರ ಕೈಯಿಂದಲೂ ಮಾಡಿಸುತ್ತೇವೆ. ಕೊಂಡಿ ಬೀಳುವ ಆ ಸದ್ದನ್ನು ಕಿವಿಯಾರೆ ಕೇಳಿ ಹೋಗಿ.